ಸಲಾಮಿಗೆ ಉತ್ತರ ಬಾರದಾಗ

1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 'ನಾಂದಿ' ಕಿವುಡರ ಬದುಕನ್ನು ಕನ್ನಡ ತೆರೆಗೆ ತಂದಿತು. ಹರಿಣಿಯವರ ಪಾತ್ರಕ್ಕೆ ಕಿವಿ ಕೇಳದೆಂಬುದು ಪ್ರೇಕ್ಷಕನಿಗೆ ಗೊತ್ತು. ಅವನ ಕರುಣೆಗೆ ಶ್ರಮವಿಲ್ಲ. ಶಿರಸಿಯ ಬಸ್ ನಿಲ್ದಾಣದಲ್ಲಿ ಆ ಅನುಕೂಲ ಎಲ್ಲಿದೆ? ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ಬಂದಿಳಿದವನು ನಮ್ಮ ಸಲಾಮಿಗೆ ತಿರುಗಿ ನೋಡದಿದ್ದರೆ 'ಸೊಕ್ಕು' ಎಂದು ತೀರ್ಪು ಕೊಟ್ಟೇ ಮುಂದೆ ಹೋಗುತ್ತೇವೆ. ಕಿವುಡುತನ ಹಣೆಯ ಮೇಲೆ ಬರೆದಿರುವುದಿಲ್ಲವಲ್ಲ! 1995ರ ಕಾಯ್ದೆಯಲ್ಲಿ 7 ಇದ್ದ ಅಂಗವೈಕಲ್ಯಗಳು 2016ರ ಕಾಯ್ದೆಯಲ್ಲಿ 21 ಆದವು. ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ಕಣ್ಣಿಗೆ ಕಾಣದವೂ ಸೇರಿದವು. ನಮ್ಮ ಕತೆಗಳು ಮಾತ್ರ ಇನ್ನೂ ಊರುಗೋಲು, ಕಪ್ಪು ಕನ್ನಡಕಗಳನ್ನೇ ಹುಡುಕುತ್ತಿವೆ. ನಾವೂ ಹಾಗೆಯೇ ಬರೆದವರು. ಓದುಗನೂ ಸಲಾಮು ಹೇಳಿದವನ ಜೊತೆ ಸೇರಿ ಮೊದಲು ಸಿಟ್ಟಾಗಿ, ಆಮೇಲೆ ತಲೆ ತಗ್ಗಿಸುವಂಥ ಕತೆಯೊಂದನ್ನು ನಾವಿನ್ನೂ ಬರೆದಿಲ್ಲ.