ಮ ಅಕ್ಷರದ ಕಪಾಟು

1983ರ ಫೆಬ್ರವರಿ. ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಎಂಬ ಊರಿನ ಟೋನ್‌ಸ್ಟುಡಿಯೊ ಬಾವರ್‌ನಲ್ಲಿ ಬೆಂಗಳೂರಿನ ನಾಲ್ವರು ಮೈಕಿನ ಮುಂದೆ ಕೂತರು. ಹಾಡಲು ಆರ್.ಎ. ರಮಾಮಣಿ, ಮೃದಂಗಕ್ಕೆ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಚಿಂಗಿಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಜೊತೆಗಿದ್ದ ಐದನೆಯವರು ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ. ಅವರಿಗಾಗ ಐವತ್ತೊಂಬತ್ತು. ಆ ಕೂಟದಿಂದ ಹೊರಬಂದ ಎಲ್‌ಪಿಯ ಹೆಸರು ‘ಜ್ಯೋತಿ’. ಹೊರತಂದದ್ದು ಮ್ಯೂನಿಕ್‌ನ ಇಸಿಎಂ ಕಂಪನಿ, ಕ್ರಮಸಂಖ್ಯೆ 1256. ಹೊದಿಕೆಯ ಮೇಲೆ ಮರಿಯಾನೊ ಹೆಸರಿನ ಪಕ್ಕದಲ್ಲೇ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಎಂದು ಅಚ್ಚಾಗಿದೆ.

ಜಗತ್ತಿನ ಜಾಝ್ ರಸಿಕರು ಕಣ್ಣಿಗೊತ್ತಿಕೊಳ್ಳುವ ಕಂಪನಿಯೊಂದರ ಪಟ್ಟಿಯಲ್ಲಿ ಕರ್ನಾಟಕದ ಹೆಸರು ನಾಲ್ಕು ದಶಕದಿಂದ ಕೂತಿದೆ. ಕರ್ನಾಟಕದಲ್ಲಿ ಅದನ್ನು ಕೇಳಿದವರನ್ನು ಹುಡುಕಲು ಮಾತ್ರ ದೀಪ ಹಿಡಿದು ಹೊರಡಬೇಕು.

ಇಸಿಎಂ ಎಂದರೆ ಏನು ಎನ್ನುವವರಿಗೆ ಒಂದು ಮಾತು. 1969ರಲ್ಲಿ ಶುರುವಾದ ಈ ಕಂಪನಿಯೇ ಕೀತ್ ಜ್ಯಾರೆಟ್ ಅವರ ‘ಕೋಲ್ನ್ ಕಾನ್ಸರ್ಟ್’ ಹೊರತಂದದ್ದು. ಸದ್ದಿನಷ್ಟೇ ಮೌನಕ್ಕೂ ಬೆಲೆ ಕೊಡುವ ರೆಕಾರ್ಡಿಂಗ್ ಇದರ ಗುರುತು. ಒಂದು ಸ್ವರ ಮುಗಿದ ಮೇಲೆ ಅದರ ಅನುರಣನ ಪೂರ್ತಿ ಆರುವ ತನಕ ಕಾಯುವ ಶ್ರದ್ಧೆ ಅಲ್ಲಿಯ ಎಂಜಿನಿಯರುಗಳದು. ನಮ್ಮ ಸಭೆಗಳ ಮೈಕಿನಲ್ಲಿ ಘಟ ಕೇಳಿ ಬೆಳೆದ ಕಿವಿಗೆ ಇದು ಬೇರೆಯೇ ಲೋಕ. ರಾಮನವಮಿ ಪೆಂಡಾಲಿನಲ್ಲಿ ಘಟವೆಂದರೆ ‘ಟಣ್ ಟಣ್’ ಅಷ್ಟೆ. ಖಂಜಿರವಂತೂ ಮೃದಂಗದ ಅಬ್ಬರದಲ್ಲಿ ಎಲ್ಲೋ ಕರಗಿಹೋಗಿರುತ್ತದೆ. ‘ಜ್ಯೋತಿ’ಯಲ್ಲಿ ಘಟದ ಹೊಟ್ಟೆಯೊಳಗಿನ ಗಾಳಿ ಕೇಳುತ್ತದೆ, ಖಂಜಿರದ ಚರ್ಮ ಎಷ್ಟು ಸಡಿಲವಾಗಿದೆ ಎಂದೂ ತಿಳಿಯುತ್ತದೆ. ತನಿ ಆವರ್ತನ ಶುರುವಾದ ಕೂಡಲೇ ಎದ್ದು ಕ್ಯಾಂಟೀನಿನತ್ತ ನಡೆಯುವ ರಸಿಕರಿಗೆ ದಂಡನೆಯಾಗಿ ಈ ರೆಕಾರ್ಡನ್ನು ಪೂರ್ತಿ ಕೇಳಿಸಬೇಕು. ದಂಡ ತೆತ್ತು ಖುಷಿಯಾಗಿ ಹಿಂತಿರುಗುತ್ತಾರೆ.

ಈ ತಟ್ಟೆಯಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಫ್ಯೂಷನ್ ಎಂದು ಕರೆಸಿಕೊಳ್ಳುವ ಬಹುಪಾಲು ರೆಕಾರ್ಡುಗಳಲ್ಲಿ ಅಡುಗೆಯೆಲ್ಲ ಪಶ್ಚಿಮದ್ದು, ತಬಲವೋ ಸಿತಾರವೋ ಮೇಲಿನ ಒಗ್ಗರಣೆ. ಇಲ್ಲಿ ಮನೆ ರಮಾಮಣಿಯವರದು, ನೆಂಟ ಮರಿಯಾನೊ. ಮೊದಲ ತುಣುಕಿನ ಹೆಸರೇ ‘ವಾಯ್ಸ್ ಸೋಲೊ’. ಹೆಸರಾಂತ ಅತಿಥಿ ಹೊರಗೆ ಜಗಲಿಯಲ್ಲಿ ಕಾಯುತ್ತಿರುವಾಗ ಮನೆಯೊಡತಿ ನಿಧಾನಕ್ಕೆ ರಂಗೋಲಿ ಇಡುತ್ತಾರೆ. ಆಮೇಲೆ ಬರುವುವು ವಂದನಂ, ವರ್ಷಿಣಿ, ಸಪ್ತರ್ಷಿ, ಕಾರ್ತಿಕ್, ಭಜನ್. ಸಾಹಿತ್ಯದ ಹಂಗಿಲ್ಲದ ಆಲಾಪನೆ, ಸ್ವರ, ಕೊನ್ನಕ್ಕೋಲಿನ ಲೆಕ್ಕಾಚಾರ ಇದರ ಬಂಡವಾಳ. ಮೃದಂಗ ಕಲಿತವರ ಮನೆಯಲ್ಲಿ ಬೆಳಿಗ್ಗೆ ಅಂಗೈ ತಟ್ಟಿಕೊಂಡು ಒಪ್ಪಿಸುವ ‘ತಕಧಿಮಿ ತಕಜಣು’ ಇಲ್ಲಿ ಪಾಠವಾಗಿ ಉಳಿಯದೆ ಮಾತುಕತೆಯಾಗಿದೆ.

ಮರಿಯಾನೊ ಇದಕ್ಕೆ ಸುಮ್ಮನೆ ಬಂದು ಕೂತವರಲ್ಲ. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಸ್ಯಾಕ್ಸ್ ನುಡಿಸಿದವರು, ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅರವತ್ತರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಅವರ ಕಿವಿಗೆ ಬಿದ್ದದ್ದು ನಾಗಸ್ವರ. ಬಿದ್ದದ್ದು ಬಿಡಲಿಲ್ಲ. ದಕ್ಷಿಣ ಭಾರತಕ್ಕೆ ಬಂದು ಕಲಿತರು, ಆಮೇಲೆ ಯುರೋಪಿನ ರೆಕಾರ್ಡುಗಳಲ್ಲೂ ಅದನ್ನು ಊದಿದರು. ನಾಗಸ್ವರ ಊದಿದ ತುಟಿಗೆ ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತದೆ ಜಾರಿಕೊಂಡು ಹೋಗುವುದು ಗೊತ್ತಿರುತ್ತದೆ. ‘ಜ್ಯೋತಿ’ಯ ಸ್ಯಾಕ್ಸ್ ರಮಾಮಣಿಯವರ ಕಂಠದ ಪಕ್ಕದಲ್ಲಿ ಅಪರಿಚಿತನಂತೆ ನಿಲ್ಲದಿರುವುದು ಈ ಅಭ್ಯಾಸದ ಫಲ.

ಕೊರತೆಯೇ ಇಲ್ಲವೆಂದಲ್ಲ. ಧ್ವನಿ ಮತ್ತು ಸ್ಯಾಕ್ಸ್ ಒಂದೇ ಸಾಲನ್ನು ಜೋಡಿಯಾಗಿ ಹಿಡಿದು ನಡೆಯುವ ಭಾಗಗಳು ಕೆಲವೆಡೆ ಅಗತ್ಯಕ್ಕಿಂತ ಉದ್ದವಾದುವು. ಒಬ್ಬರು ಇನ್ನೊಬ್ಬರ ಮಾತನ್ನು ಮುರಿದು ನುಗ್ಗಬಾರದಿತ್ತೇ ಎನ್ನಿಸುತ್ತದೆ. ವಿನಯ ಜಾಸ್ತಿಯಾದ ಊಟದ ಪಂಕ್ತಿಯಂತೆ.

ಹಾಗಿದ್ದೂ ಇದು ಮರೆವಿಗೆ ಸಂದದ್ದು ಗುಣದ ಕೊರತೆಯಿಂದಲ್ಲ, ಕಪಾಟಿನ ದೆಸೆಯಿಂದ. ರೆಕಾರ್ಡ್ ಅಂಗಡಿಯೆಂದರೆ ಕಪಾಟುಗಳ ರಾಜ್ಯ. ಒಂದು ಕಡೆ ಕರ್ನಾಟಕ ಸಂಗೀತ: ಅಲ್ಲಿ ಕೃತಿ ಇರಬೇಕು, ಪಲ್ಲವಿ ಇರಬೇಕು, ಪಿಟೀಲಿರಬೇಕು. ಇನ್ನೊಂದು ಕಡೆ ಭಾವಗೀತೆ, ದೇವರನಾಮ, ಸಿನಿಮಾ. ಮೂಲೆಯಲ್ಲಿ ಇಂಗ್ಲಿಷ್. ಜ್ಯೋತಿಯನ್ನು ಯಾರು ಎಲ್ಲಿಡಬೇಕು? ಸಭೆಯವರು ‘ಇದು ಜಾಝ್’ ಎಂದರು, ಜಾಝ್‌ನವರು ‘ಇದು ಕರ್ನಾಟಿಕ್’ ಎಂದರು. ಅತ್ತ ದರಿ, ಇತ್ತ ಪುಲಿ. 1964ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ತಾಳವಾದ್ಯವನ್ನೇ ಉಸಿರಾಡಿದ ಈ ಕಾಲೇಜಿನ ತಂಡ ಎಂಬ್ರಿಯೊ, ಡಿಸಿಡೆಂಟನ್ ಎಂಬ ಜರ್ಮನ್ ತಂಡಗಳ ಜೊತೆಗೂ ರೆಕಾರ್ಡ್ ಮಾಡಿತು. ಅವನ್ನು ಇಲ್ಲಿ ಹೆಸರಿಸಿ ಮುಂದೆ ಹೋದರೆ ಸಾಕು. ಎಂಟಾಣೆ ಸಂಗೀತಕ್ಕೆ ಎಂಟಾಣೆ ಜಾತ್ರೆ ಬೆರೆತ ತಟ್ಟೆಗಳವು.

ಸ್ಯಾಕ್ಸೋಫೋನ್ ಎಂದಮೇಲೆ ಕನ್ನಡಿಗರ ಬಾಯಿಗೆ ಮೊದಲು ಬರುವ ಹೆಸರು ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜಿಪದವರು, ನಾಗಸ್ವರದ ಮನೆತನ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ಹಿತ್ತಾಳೆ ವಾದ್ಯದ ದನಿ ಕೇಳಿ ಮನಸೋತು, ಅದರಲ್ಲಿ ಗಮಕ ಹಿಡಿಸಲು ವರ್ಷಗಟ್ಟಲೆ ದುಡಿದವರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಕದ್ರಿಯವರ ವಾದನ ಕೇಳಿ ವೇದಿಕೆಗೆ ಕರೆದದ್ದು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್, 2004ರಲ್ಲಿ ಪದ್ಮಶ್ರೀ, ಇವೆಲ್ಲ ಎಲ್ಲರಿಗೂ ಗೊತ್ತು. ಅವರ ಕ್ಯಾಸೆಟ್ಟುಗಳು ಮದುವೆಮನೆಗಳಲ್ಲಿ ತಿರುಗಿ ತಿರುಗಿ ಸವೆದವು. ಸವೆಯದೆ ಹೊಸದಾಗಿಯೇ ಉಳಿದದ್ದು 2008ರ ‘ಕಿನ್ಸ್‌ಮೆನ್’.

ಅದರ ಸೂತ್ರಧಾರ ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೆ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುವವರು ಎನ್ನಿಸುತ್ತದೆ. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದ ಬೌಲ್ಡರಿನಲ್ಲಿ. ಮನೆತನ ಕರ್ನಾಟಕದ್ದು, ಕಲಿತದ್ದು ಮರಿಯಾನೊ ಒಂದು ಕಾಲಕ್ಕೆ ಪಾಠ ಹೇಳಿದ್ದ ಅದೇ ಬರ್ಕ್ಲಿಯಲ್ಲಿ. ಅಲ್ಲಿ ಓದುವಾಗ ಅಣ್ಣ ತಮಾಷೆಗೆಂದು ಒಂದು ಆಲ್ಬಂ ಕೊಟ್ಟರಂತೆ: ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ. ತಮಾಷೆ ತಲೆಯೊಳಗೆ ಹೊಕ್ಕು ಕೂತಿತು.

2005ರಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಬಯಸಿ ಬರೆಸಿದ ಕೃತಿಗಾಗಿ ಇಬ್ಬರೂ ಒಂದೇ ವೇದಿಕೆಗೆ ಬಂದರು. ‘ದಕ್ಷಿಣ ಎನ್‌ಸೆಂಬಲ್’ ಎಂಬ ಹೆಸರಿನ ಆ ತಂಡವೇ ಮುಂದೆ ಪೈ ರೆಕಾರ್ಡಿಂಗ್ಸ್ ಕಂಪನಿಗೆ ‘ಕಿನ್ಸ್‌ಮೆನ್’ ನುಡಿಸಿದ್ದು. ದಕ್ಷಿಣದ ಪಕ್ಷದಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ. ಇನ್ನೊಂದು ಪಕ್ಷದಲ್ಲಿ ರೆಜ್ ಅಬ್ಬಾಸಿ ಗಿಟಾರ್, ಕಾರ್ಲೊ ಡಿ ರೋಸ ಬಾಸ್, ರಾಯಲ್ ಹಾರ್ಟಿಗನ್ ಡ್ರಮ್ಸ್. ನಟ್ಟನಡುವೆ ಎರಡು ಆಲ್ಟೊ ಸ್ಯಾಕ್ಸೋಫೋನ್. ವಾದ್ಯ ಒಂದೇ ಜಾತಿ, ನಾಲಿಗೆ ಬೇರೆ. ಕದ್ರಿಯವರ ಸ್ಯಾಕ್ಸ್ ಜೇನಿನಂತೆ ಎಳೆ ಬಿಡದೆ ಇಳಿಯುತ್ತದೆ, ಮಹಾಂತಪ್ಪನವರದು ಒಗ್ಗರಣೆ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ. ‘ಗಣೇಶ’ ಎಂಬ ತುಣುಕನ್ನು ಕಣ್ಣುಮುಚ್ಚಿ ಕೇಳುತ್ತ ಯಾವುದು ಯಾರದು ಎಂದು ಹೇಳುವ ಪಂದ್ಯ ಕಟ್ಟಿದರೆ ಮೊದಲ ಐದು ನಿಮಿಷದಲ್ಲೇ ಗೆಲ್ಲಬಹುದು. ‘ಕನ್ವರ್ಜೆನ್ಸ್’ ಬರುವ ಹೊತ್ತಿಗೆ ಗೆಲ್ಲುವುದು ಅಷ್ಟು ಸಲೀಸಲ್ಲ. ಅದೇ ಈ ಆಲ್ಬಮ್ಮಿನ ಹೆಚ್ಚುಗಾರಿಕೆ.

ಅಮೆರಿಕದ ವಿಮರ್ಶಕರು ಇದನ್ನು ಹೊತ್ತು ಮೆರೆಸಿದರು. ಇಲ್ಲಿ, 2019ರ ಅಕ್ಟೋಬರ್‌ನಲ್ಲಿ ಕದ್ರಿಯವರು ತೀರಿಕೊಂಡಾಗ ಹೆಚ್ಚಿನವರು ನೆನೆದದ್ದು ‘ಡ್ಯುಯೆಟ್’ ಸಿನಿಮಾವನ್ನು. ಅದರಲ್ಲಿ ತಪ್ಪಿಲ್ಲ, ಎ.ಆರ್. ರೆಹಮಾನರ ಆ ಧ್ವನಿಪಥದಲ್ಲಿ ಅವರ ವಾದನ ಸೊಗಸಾಗಿಯೇ ಇದೆ. ಆದರೆ ಅಲ್ಲಿ ಕಥೆಗೆ ಬೇಕಾದಷ್ಟು ಅಳತೆ ಮಾಡಿ ಬಡಿಸಿದ ಕದ್ರಿ ಸಿಗುತ್ತಾರೆ. ಹೊಟ್ಟೆ ತುಂಬಬೇಕೆಂದರೆ ‘ಕಿನ್ಸ್‌ಮೆನ್’ಗೇ ಹೋಗಬೇಕು.

ಮಹಾಂತಪ್ಪನವರ ಇನ್ನೊಂದು ಆಲ್ಬಂ ಇದೆ, 2004ರ ‘ಮದರ್ ಟಂಗ್’. ‘ನೀವು ಇಂಡಿಯನ್ ಮಾತಾಡ್ತೀರಾ?’ ಎಂಬ ಪ್ರಶ್ನೆ ಅಮೆರಿಕದ ಭಾರತೀಯರಿಗೆ ಹೊಸದಲ್ಲ. ಅವರು ತಮ್ಮ ತಮ್ಮ ಭಾಷೆಯಲ್ಲಿ ಆ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಮುದ್ರಿಸಿಕೊಂಡು, ಮಾತಿನ ಏರಿಳಿತವನ್ನು ಸ್ವರವಾಗಿ ಬರೆದುಕೊಂಡು, ಅದರಿಂದ ಮಹಾಂತಪ್ಪ ರಾಗ ಹೆಣೆದರು. ಪಿಯಾನೊದಲ್ಲಿ ವಿಜಯ್ ಅಯ್ಯರ್. ತುಣುಕುಗಳಿಗೆ ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ ಎಂದು ಆಯಾ ಭಾಷೆಯದೇ ಹೆಸರು. ಒಂದರ ಹೆಸರು ‘ಕನ್ನಡ’. ರಾಜ್ಯೋತ್ಸವದ ವೇದಿಕೆಗಳಲ್ಲಿ ಧ್ವನಿವರ್ಧಕ ಹರಿಯುವಷ್ಟು ಹಾಡು ಹಾಕುವ ನಾಡಿನಲ್ಲಿ, ಕನ್ನಡಿಗರ ಮಾತಿನ ಲಯದಿಂದಲೇ ಹುಟ್ಟಿ ‘ಕನ್ನಡ’ ಎಂದೇ ಹೆಸರಿಟ್ಟುಕೊಂಡ ಈ ಜಾಝ್ ತುಣುಕು ಯಾವ ನವೆಂಬರಿನ ಪಟ್ಟಿಗೂ ಸೇರಿದ ಹಾಗಿಲ್ಲ.

ಕದ್ರಿಯವರಿಗೆ ಸ್ಯಾಕ್ಸ್ ಕೇಳಿಸಿದ ಆ ಮೈಸೂರು ಅರಮನೆಗೇ ಒಮ್ಮೆ ಹಿಂತಿರುಗಬೇಕು. ಈ ಕಪಾಟಿನ ಅತಿ ಹಳೆಯ ಬಾಬ್ತು ಅಲ್ಲಿಂದಲೇ ಹೊರಟದ್ದು.

ಜಯಚಾಮರಾಜೇಂದ್ರ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರೆಂದು ಸಂಗೀತ ಬಲ್ಲವರೆಲ್ಲ ಬಲ್ಲರು. ಪಿಯಾನೊ ವಾದಕರಾಗಬೇಕೆಂಬುದು ಅವರ ಎಳವೆಯ ಕನಸಾಗಿತ್ತು. 1940ರಲ್ಲಿ ಸಿಂಹಾಸನ ಏರಬೇಕಾಗಿ ಬಂದು ಆ ಕನಸು ಅರಮನೆಯ ರೆಕಾರ್ಡ್ ಸಂಗ್ರಹದಲ್ಲಿ ಉಳಿಯಿತು. ಆ ಹೊತ್ತಿಗೆ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ ಯುದ್ಧದ ಪೆಟ್ಟಿಗೆ ಸಿಕ್ಕು, ಆರೋಗ್ಯ ಕೆಟ್ಟು, ಕೈ ಬರಿದಾಗಿ ಕೂತಿದ್ದರು. ರಾಖ್ಮನಿನೊವ್ ಅವರ ಗೆಳೆಯ. ಆದರೆ ರಾಖ್ಮನಿನೊವ್ ಹೆಸರು ಎಲ್ಲರಿಗೂ ಗೊತ್ತು, ಮೆಟ್ನರ್ ಹೆಸರು ಅಂದಿಗೂ ಕೆಲವರಿಗೆ, ಇಂದಿಗೂ ಕೆಲವರಿಗೆ.

ಮೈಸೂರಿನ ದುಡ್ಡಿನಿಂದ ಲಂಡನ್ನಿನಲ್ಲಿ ‘ಮೆಟ್ನರ್ ಸೊಸೈಟಿ’ ಎದ್ದಿತು. ಎಚ್‌ಎಂವಿಗಾಗಿ ಮೆಟ್ನರ್ ತಮ್ಮ ಮೂರೂ ಪಿಯಾನೊ ಕನ್ಚರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದ ಜೊತೆ ತಾವೇ ನುಡಿಸಿ ಮುದ್ರಿಸಿದರು. ಬಿಡಿ ಪಿಯಾನೊ ಕೃತಿಗಳೂ ಹಾಡುಗಳೂ ಸೇರಿ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳ ದೊಡ್ಡ ದೊಡ್ಡ ಸಂಪುಟಗಳಾದವು. ಒಬ್ಬ ಸಂಗೀತಕಾರ ತನ್ನ ಕೃತಿಗಳನ್ನು ತನ್ನ ಕೈಯಾರೆ ಇಷ್ಟು ವಿಸ್ತಾರವಾಗಿ ಬಿಟ್ಟುಹೋದದ್ದು ಆ ಕಾಲಕ್ಕೆ ವಿರಳ. ಮೂರನೆಯ ಕನ್ಚರ್ಟೊವನ್ನು ಮೆಟ್ನರ್ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಇನ್ನು ಕೆಲವು ವರ್ಷ ತಡವಾಗಿದ್ದರೆ ಈ ಕನ್ಚರ್ಟೊಗಳು ಆ ಬೆರಳುಗಳಿಂದ ಕೇಳಸಿಗುತ್ತಿರಲಿಲ್ಲ.

ಮುದ್ರಣ ಹಳೆಯದು, ಚರಪರ ಸದ್ದು ಇದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಕಿವಿ ಪಳಗದವರು ಕನ್ಚರ್ಟೊಗಳಿಂದ ಶುರುಮಾಡದೆ, ಮೆಟ್ನರ್ ‘ಸ್ಕಾಸ್ಕಿ’ ಎಂದು ಕರೆದ ಪುಟ್ಟ ಪಿಯಾನೊ ಕಥೆಗಳಿಂದ ಹೊರಡುವುದು ಮೇಲು. ಅಜ್ಜಿಕಥೆಗಳು ಅಂದುಕೊಂಡು ಕೇಳಿದರೆ ತಾನಾಗಿ ದಾರಿ ತೆರೆಯುತ್ತದೆ.

ಹೀಗೆ ಈ ವಾರದ ಪಟ್ಟಿಯಲ್ಲಿ ಮರಿಯಾನೊ, ಮಹಾಂತಪ್ಪ, ಮೆಟ್ನರ್. ವಿದೇಶದ ರೆಕಾರ್ಡ್ ಅಂಗಡಿಗಳಲ್ಲಿ ಕಲಾವಿದರ ಹೆಸರಿನ ಅಕ್ಷರಕ್ಕೆ ತಕ್ಕಂತೆ ತಟ್ಟೆ ಜೋಡಿಸುವುದು ರೂಢಿ. ಹಾಗಾಗಿ ಜಾಝ್ ಸಾಲಿನಲ್ಲಾಗಲಿ ಕ್ಲಾಸಿಕಲ್ ಸಾಲಿನಲ್ಲಾಗಲಿ ಇವನ್ನು ‘ಮ’ದ ಹತ್ತಿರವೇ ಹುಡುಕಬೇಕು. ಕರ್ನಾಟಕ ಎಂಬ ‘ಕ’ದಡಿ ಸಿಗುವುದಿಲ್ಲ. ಅಂಗಡಿಗೆ ಹೋಗುವ ಕಾಲವೂ ಮುಗಿಯಿತು. ಇಸಿಎಂ 2017ರ ನವೆಂಬರಿನಲ್ಲಿ ತನ್ನ ಭಂಡಾರವನ್ನು ಸ್ಟ್ರೀಮಿಂಗ್‌ಗೆ ತೆರೆದ ಮೇಲೆ ಮೊಬೈಲಿನಲ್ಲಿ ಹುಡುಕುವುದೇ ಸುಲಭ. ಹುಡುಕುವವರು ‘ಜ್ಯೋತಿ’ ಎಂದಷ್ಟೇ ಹೊಡೆದರೆ ಸಿನಿಮಾ ಹಾಡುಗಳ ರಾಶಿ ಬಂದು ಬೀಳುತ್ತದೆ, ಮರಿಯಾನೊ ಹೆಸರನ್ನೂ ಸೇರಿಸಬೇಕು. ಸಿಕ್ಕಿದ ಮೇಲೆ ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಹಾಕಬೇಡಿ. ರಾಜಗೋಪಾಲರ ಘಟದ ತಳದ ನಾದ ಅದರಲ್ಲಿ ಕೇಳುವುದಿಲ್ಲ.