ಮೇಲಂಚು ತಟ್ಟಿದಿರಾ?

ನಮ್ಮೂರ ಸೂಪರ್ ಮಾರ್ಕೆಟ್ ಸುತ್ತಿನ ಕ್ಲಿನಿಕ್ಕುಗಳಲ್ಲಿ ಈಗ ಲಿವರ್ ಗಡ್ಡೆಯ ರೋಗಿಗಿಂತ ಮೊದಲು ಸ್ಕ್ಯಾನ್ ಫೈಲು ಮೇಜಿಗೆ ಬರುತ್ತದೆ. ‘ಸಾಹೇಬ್ರ, ಸ್ಕ್ಯಾನ್‌ನ್ಯಾಗ ಎಲ್ಲಾ ಬಂದದಲ್ರಿ, ಮತ್ತ್ಯಾಕ ಹೊಟ್ಟಿ ಒತ್ತತೀರಿ?’ ಎಂದು ಕಮಲಾಪುರದ ಕೆಂಪುಬಾಳೆ ತೋಟದವರು ಕೇಳಿದರೆ ನ್ಯಾಯವೇ. ಅದನ್ನೇ ವೈದ್ಯರು ಕೇಳಿದಾಗ ನನಗೆ ಸಿಟ್ಟು.

ಹಾಗೆಂದು ಕೈಯನ್ನೇ ನಂಬುವ ನಮ್ಮ ಪಂಗಡವೇನೂ ಸಾಚಾ ಅಲ್ಲ. ಪಕ್ಕೆಲುಬಿನ ಕೆಳಗೆ ಎರಡು ಬೆರಳು ಸಿಕ್ಕರೆ ಸಾಕು, ‘ಲಿವರ್ ದೊಡ್ಡದು’ ಎಂದು ಬರೆದು ಮುಗಿಸುತ್ತಾರೆ. ಮೇಲಂಚು ಎಲ್ಲಿ? ವರ್ಷಗಟ್ಟಲೆ ಬೀಡಿ ಸೇದಿ ಉಬ್ಬಿದ ಶ್ವಾಸಕೋಶ ಒಳ್ಳೆಯ ಲಿವರನ್ನೂ ಕೆಳಕ್ಕೆ ದಬ್ಬುತ್ತದೆ. ಬಲ ಎದೆಯನ್ನು ಮೇಲಿನಿಂದ ತಟ್ಟುತ್ತ ಬಂದರೆ ಸಾಮಾನ್ಯವಾಗಿ ಐದನೇ ಪಕ್ಕೆಸಂದಿಯ ಹತ್ತಿರ ಸದ್ದು ಮಂದವಾಗುತ್ತದೆ. ಅಲ್ಲಿಂದ ಕೆಳಅಂಚಿಗೆ 6ರಿಂದ 12 ಸೆಂ.ಮೀ. ಇದ್ದರೆ ಸರಿ.

ಈ ತಟ್ಟುವ ವಿದ್ಯೆಯ ಮೂಲಪುರುಷ ಔಎನ್‌ಬ್ರುಗ್ಗರ್, ಆಸ್ಟ್ರಿಯಾದ ಖಾನಾವಳಿಯವನ ಮಗ. ಅಪ್ಪ ಹೆಂಡದ ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ಹೇಳುತ್ತಿದ್ದನಂತೆ. ಮಗ 1761ರಲ್ಲಿ ಪುಸ್ತಕ ಬರೆದರೆ ಹೆಚ್ಚಿನವರು ಕಣ್ಣೆತ್ತಿಯೂ ನೋಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ತಂದ ಮೇಲೆ ಊರೆಲ್ಲ ತಟ್ಟತೊಡಗಿತು.

ಪೀಪಾಯಿಯಿಂದ ನೇರ ಸೇಂದಿಗೆ ಬರೋಣ. ಕುಡಿಯುವ ನಡುವಯಸ್ಸಿನ ಗಂಡಸು, ಜ್ವರ, ಬಲ ಹೆಗಲಿಗೆ ಎಳೆಯುವ ನೋವು. ಸ್ಕ್ಯಾನು ‘ಬಲ ಹಾಲೆಯಲ್ಲಿ ಗಡ್ಡೆ’ ಎಂದಿದೆ. ಕೆಳಗಿನ ಪಕ್ಕೆಸಂದಿಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಒತ್ತುತ್ತ ಹೋಗಿ. ಒಂದು ಕಡೆ ಆತ ನಿಮ್ಮ ಕೈ ಹಿಡಿದುಬಿಡುತ್ತಾನೆ. ಅಮೀಬಾ ಕೀವಿನ ಗುಮಾನಿ ಅಲ್ಲಿಗೆ ಬಲವಾಗುತ್ತದೆ. ಅಂಚು ಗಟ್ಟಿ, ಗಂಟುಗಂಟು, ಮೈ ಕರಗಿದೆ ಎಂದರೆ ಅರ್ಬುದದ ಯೋಚನೆ. ಆಗ ಹೊಕ್ಕುಳನ್ನೂ ಎಡ ಕೊರಳೆಲುಬಿನ ಮೇಲಿನ ಗುಳಿಯನ್ನೂ ಮುಟ್ಟಿ ನೋಡದೆ ಅಂಗಿ ಹಾಕಿಸಬೇಡಿ. ಕುರಿ, ನಾಯಿಗಳ ಜೊತೆ ಬದುಕುವವರ ನುಣುಪಾದ, ನೋವಿಲ್ಲದ ಗಡ್ಡೆಗೆ ಸೂಜಿ ಹಾಕುವ ಮುನ್ನ ಹೈಡಾಟಿಡ್ ಎಂಬ ಹುಳುವಿನ ನೀರುಗಡ್ಡೆ ನೆನಪಿರಲಿ. ತಟ್ಟಿದಾಗ ಬೆರಳಿಗೆ ತಾಗುವ ಅದರ ಹೆಸರಾಂತ ನಡುಕ ಮಾತ್ರ ರೋಗಿಗಳಿಗಿಂತ ವೈವಾ ಪರೀಕ್ಷೆಯಲ್ಲೇ ಹೆಚ್ಚು ಸಿಗುತ್ತದೆ.

ಒಳಗೆ ಹುದುಗಿದ ಸಣ್ಣ ಗಡ್ಡೆ ಯಾವ ಕೈಗೂ ಸಿಗದು, ಒಪ್ಪಿದೆ. ಆದರೆ ಎಡ ಹಾಲೆಯ ಕೀವುಗಡ್ಡೆ ಹೃದಯದ ಚೀಲದೊಳಕ್ಕೆ ಒಡೆಯಬಲ್ಲದು. ಎದೆಗೂಡಿನ ಕೆಳಗೆ ನಡುವಿನಲ್ಲಿ ಊತ, ಮುಟ್ಟಗೊಡದ ನೋವು ಕಂಡರೆ ಕೀವು ತೆಗೆಯುವವರಿಗೆ ಆ ರಾತ್ರಿಯೇ ಫೋನು ಹೋಗಬೇಕು. ಬೆಳಗಿನ ರೌಂಡ್ಸಿಗೆ ಇಡುವಂಥದ್ದಲ್ಲ ಅದು.