ಫಣಿಯಮ್ಮನ ನೆರಳಲ್ಲಿ ಉಳಿದ ದಾಕ್ಷಾಯಿಣಿ

ತೀರ್ಥಹಳ್ಳಿಯ ನೆಲದಿಂದ ಎದ್ದುಬಂದ ಎರಡು ಕೃತಿಗಳು ಹೆಣ್ಣಿನ ಮೈಮೇಲೆ ಊರು ನಡೆಸಿದ ದರ್ಬಾರನ್ನು ಕನ್ನಡಿಗರ ಕಣ್ಣೆದುರು ಇಟ್ಟವು. ಒಂದು, 1976ರಲ್ಲಿ ಬಂದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಇನ್ನೊಂದು, ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರ ‘ಘಟಶ್ರಾದ್ಧ’. ಎರಡೂ ದೊಡ್ಡ ಕೃತಿಗಳೇ. ಆದರೂ ನಾವು ಅವುಗಳನ್ನು ಮೆಚ್ಚಿಕೊಂಡ ರೀತಿಯಲ್ಲಿ ಏನೋ ಕೊರತೆ ಇದೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ.

ಫಣಿಯಮ್ಮ ಕಲ್ಪನೆಯ ಹೆಂಗಸಲ್ಲ. ಇಂದಿರಾ ಅವರ ಬಂಧುವರ್ಗದಲ್ಲಿ ನೂರು ದಾಟಿ ಬಾಳಿದ ಹಿರಿಯ ಜೀವ. ಬುದ್ಧಿ ಬಲಿಯುವ ಮೊದಲೇ ಮದುವೆ, ಮದುವೆಯ ಬೆನ್ನಿಗೇ ಹಾವು ಕಚ್ಚಿ ಗಂಡನ ಸಾವು, ಮೈನೆರೆದ ಮೇಲೆ ಕೇಶಮುಂಡನ. ಆಮೇಲೆ ಇಡೀ ಆಯುಷ್ಯ ಮಡಿ, ಒಪ್ಪೊತ್ತು ಊಟ, ಬೇರೆಯವರ ಮನೆಯ ಬಾಣಂತನ. ಸಾಗರ, ಹೊಸನಗರದ ಕಡೆಯ ಹಳೆಯ ಮನೆಗಳಲ್ಲೂ ಕೆಂಪು ಸೀರೆಯ ಸೆರಗನ್ನು ತಲೆತುಂಬ ಹೊದ್ದು ಹಿತ್ತಿಲ ಕಡೆಯ ಕತ್ತಲೆಯಲ್ಲಿ ಬದುಕು ಕಳೆದ ಇಂಥ ಅಜ್ಜಿಯರು ಇದ್ದರು. ಇಂದಿರಾ ಅವರದೇ ಶಾಲೆ ಚಿಕ್ಕಂದಿನಲ್ಲಿ ನಿಂತು, ಹನ್ನೆರಡರ ಸುಮಾರಿಗೆ ಮದುವೆಯಾಗಿತ್ತು. ಬರೆಯಲು ಕೂತದ್ದು ನಡುವಯಸ್ಸಿನಲ್ಲಿ. ಮನೆಯ ಹೆಂಗಸರ ಬಾಯಿಂದ ಬಾಯಿಗೆ ಬಂದ ಕಥೆಯನ್ನು ಅವರು ಬರೆದಿಡದೇ ಹೋಗಿದ್ದರೆ ಮಲೆನಾಡಿನ ಈ ಚರಿತ್ರೆ ಯಾವ ದಫ್ತರದಲ್ಲೂ ಸಿಗುತ್ತಿರಲಿಲ್ಲ.

ಓದುಗರು ಫಣಿಯಮ್ಮನನ್ನು ಪೂಜಿಸಿದರು. ತೊಂದರೆ ಇರುವುದು ಅಲ್ಲೇ. ಆಕೆಯ ಸಹನೆ, ನಿರ್ಮಲ ಮನಸ್ಸು, ಜಾತಿ ನೋಡದೆ ಕಷ್ಟದ ಹೆರಿಗೆಗೆ ಕೈಕೊಡುವ ಕರುಣೆ ಇವೆಲ್ಲ ನಿಜ. ಆದರೆ ಕಾದಂಬರಿಯಲ್ಲಿ ಆಕೆಯ ಮಾತಿಗೆ ಬೆಲೆ ಬರುವುದು ಆಕೆ ತನ್ನ ಮೈಯ ಆಸೆಗಳನ್ನೆಲ್ಲ ತೊರೆದವಳು ಎಂಬ ಕಾರಣಕ್ಕೆ. ಮೈಯನ್ನು ಬಿಟ್ಟುಕೊಟ್ಟವಳಿಗೆ ಮಾತ್ರ ಮೈಯ ಬಗ್ಗೆ ಮಾತಾಡುವ ಅಧಿಕಾರ! ಇಂದಿರಾ ಈ ಕಟ್ಟಿನಿಂದ ಪೂರ್ತಿ ಹೊರಬಂದಿಲ್ಲ.

ಆದರೆ ಅವರೇ ದಾಕ್ಷಾಯಿಣಿಯನ್ನೂ ಸೃಷ್ಟಿಸಿದ್ದಾರೆ. ಎಳೆಯ ವಯಸ್ಸಿಗೇ ವಿಧವೆಯಾದ ಈ ಹುಡುಗಿ ತಲೆ ಬೋಳಿಸಲು ಒಪ್ಪುವುದಿಲ್ಲ. ಅತ್ತೆಯ ಗದರಿಕೆಗೂ ಮಡಿವಂತರ ಒತ್ತಾಯಕ್ಕೂ ಬಗ್ಗುವುದಿಲ್ಲ. ಅವಳ ಇಷ್ಟಕ್ಕೆ ವಿರುದ್ಧವಾಗಿ ಹೀಗೆ ಮಾಡಬೇಡಿ ಎಂದು ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಕಾದಂಬರಿಯ ನಿಜವಾದ ಎತ್ತರ ಈ ಘಟ್ಟದಲ್ಲಿದೆ. ತನಗೆ ಸಿಗದೇ ಹೋದದ್ದು ಇನ್ನೊಬ್ಬಳಿಗೆ ಸಿಗಲಿ ಎನ್ನುವುದಕ್ಕೆ ಎಂಥ ಎದೆ ಬೇಕು! ಮುಂದೆ ದಾಕ್ಷಾಯಿಣಿ ಗಂಡನ ಸೋದರನಿಂದ ಗರ್ಭಿಣಿಯಾದಾಗಲೂ ನಾಚಿಕೆಯಿಂದ ಕೆರೆಬಾವಿ ಹುಡುಕುವುದಿಲ್ಲ. ಇಷ್ಟಾಗಿಯೂ ನಮ್ಮ ನೆನಪಿನಲ್ಲಿ ಅವಳು ಉಪಪಾತ್ರವಾಗಿಯೇ ಉಳಿದಿದ್ದಾಳೆ. ಸಹಿಸಿದವಳು ದೇವತೆ, ಬೇಡವೆಂದವಳು ಹಟಮಾರಿ.

‘ಘಟಶ್ರಾದ್ಧ’ದ ಯಮುನೆಗೆ ದಾಕ್ಷಾಯಿಣಿಯ ಧೈರ್ಯವೂ ಇಲ್ಲ, ಫಣಿಯಮ್ಮನಂಥವಳ ಆಸರೆಯೂ ಇಲ್ಲ. ವೇದ ಕಲಿಸುವ ಉಡುಪರ ವಿಧವೆ ಮಗಳು ಬಸುರಾಗುತ್ತಾಳೆ. ಹುತ್ತಕ್ಕೆ ಕೈಯಿಟ್ಟು ಸಾಯಲು ನೋಡುತ್ತಾಳೆ. ಕೇರಿಯ ಆಚೆ, ಕತ್ತಲೆಯಲ್ಲಿ ಗರ್ಭ ತೆಗೆಸಲಾಗುತ್ತದೆ. ಬದುಕಿದ್ದ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾರೆ. ಅದೇ ಮುದಿ ಉಡುಪರಿಗೆ ಎಳೆಯ ಹೆಣ್ಣನ್ನು ಕೊಡುವ ಮಾತನ್ನು ಊರು ಕಣ್ಣೆವೆ ಮಿಟುಕಿಸದೆ ಆಡುತ್ತದೆ. ಕಾಸರವಳ್ಳಿ ಇದನ್ನು ಕೂಗಾಡದೆ ತೋರಿಸಿದ ಸಂಯಮಕ್ಕೆ ಸಮನಾದದ್ದು ನಮ್ಮ ಸಿನಿಮಾದಲ್ಲಿ ಕಡಿಮೆ. ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಅದಕ್ಕೆ ಬಂತು. 2024ರಲ್ಲಿ ಮರುಜೀವ ಪಡೆದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ಆದರೂ ಒಂದು ತಕರಾರು ಎತ್ತಲೇಬೇಕು. ಇಡೀ ಕಥೆಯನ್ನು ನಾವು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿಂದ ನೋಡುತ್ತೇವೆ. ಹುಡುಗನ ದಿಗ್ಭ್ರಮೆ ನಮ್ಮ ಎದೆ ಕಲಕುತ್ತದೆ, ನಿಜ. ಆದರೆ ಯಮುನೆಗೆ ಏನು ಬೇಕಿತ್ತು? ಅವಳನ್ನು ಬಸುರಾಗಿಸಿದವನ ಸಂಬಂಧದಲ್ಲಿ ಅವಳಿಗೆ ಸುಖವಿತ್ತೆ? ಮಗು ಬೇಕಿತ್ತೆ? ಗರ್ಭ ತೆಗೆಸುವ ತೀರ್ಮಾನ ಅವಳದ್ದೇ, ಅಥವಾ ಕೈಬಿಟ್ಟು ಓಡಿದವನದ್ದೇ? ಚಿತ್ರ ಅವಳಿಗಾಗಿ ಅಳುತ್ತದೆ, ಅವಳನ್ನು ಕೇಳುವುದಿಲ್ಲ. ‘ಫಣಿಯಮ್ಮ’ವನ್ನು ತೆರೆಗೆ ತಂದ ಪ್ರೇಮಾ ಕಾರಂತರಂಥ ಹೆಣ್ಣೊಬ್ಬಳು ಯಮುನೆಯ ಕಥೆಯನ್ನೂ ಹೇಳಿದ್ದರೆ ಅದು ಬೇರೆಯೇ ಆಗಿರುತ್ತಿತ್ತು ಎಂದು ನಾನು ಊಹಿಸಿಕೊಳ್ಳುತ್ತೇನೆ.

‘ಘಟಶ್ರಾದ್ಧ’ ತೆರೆಗೆ ಬರುವ ಹೊತ್ತಿಗೆ ದೇಶದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಜಾರಿಯಲ್ಲಿತ್ತು. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಅವಧಿಯನ್ನು 24 ವಾರಕ್ಕೆ ಏರಿಸಿತು. ಮದುವೆಯಾಗದವಳಿಗೆ ಈ ಅವಕಾಶ ನಿರಾಕರಿಸುವುದು ಸಲ್ಲದು ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಈ ತೀರ್ಪನ್ನು ಓದುವಾಗ ನನಗೆ ಯಮುನೆಯೇ ಕಣ್ಮುಂದೆ ಬಂದಳು. ಆದರೆ ಈ ಕಾಯ್ದೆಯೂ ಗರ್ಭಪಾತವನ್ನು ಹೆಣ್ಣು ಕೇಳಿದರೆ ಸಿಗುವ ಹಕ್ಕು ಎನ್ನುವುದಿಲ್ಲ. ವೈದ್ಯರ ಅಭಿಪ್ರಾಯವನ್ನು ಮುಂದಿಡುತ್ತದೆ. ಅಂದು ಮಠದ, ಅಗ್ರಹಾರದ ಅಪ್ಪಣೆ ಬೇಕಿತ್ತು. ಇಂದು ಸಭ್ಯವಾದ ಇನ್ನೊಂದು ಅಪ್ಪಣೆ ಬೇಕು. ದಾಕ್ಷಾಯಿಣಿ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಅದಕ್ಕೇ ಈ ಹೊತ್ತಿಗೆ ಹೆಚ್ಚು ಬೇಕಾದವಳು ಅವಳು. ಮೇಷ್ಟರುಗಳು ‘ಫಣಿಯಮ್ಮ’ ಪಾಠ ಮಾಡುವಾಗ ಸಹನೆಯ ಬಗ್ಗೆ ಪ್ರಬಂಧ ಬರೆಸುವುದನ್ನು ಬಿಟ್ಟು ಆ ಹುಡುಗಿ ಬೇಡವೆಂದ ಪುಟಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಲಿ.

ಜೊತೆಗೆ ಒಂದು ವಿಷಯವನ್ನು ಮನೆಯ ಹೆಣ್ಣುಮಕ್ಕಳಿಗೆ ದಯವಿಟ್ಟು ತಿಳಿಸಿ. ಗರ್ಭಪಾತಕ್ಕೆಂದು ಆಸ್ಪತ್ರೆಗೆ ಹೋದವಳನ್ನು ಗಂಡನ ಸಹಿ ತನ್ನಿ ಎಂದು ಹೇಳಿ ಕಳಿಸುವ ರೂಢಿ ಹಲವು ಕಡೆ ಇನ್ನೂ ಇದೆ. ಕಾಯ್ದೆ ಹಾಗೆ ಹೇಳುವುದಿಲ್ಲ. 18 ತುಂಬಿದ, ಸ್ವಸ್ಥಚಿತ್ತದ ಹೆಣ್ಣಿನ ಗರ್ಭಪಾತಕ್ಕೆ ಬೇಕಾದ ಒಪ್ಪಿಗೆ ಅವಳದೊಂದೇ. ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಹೊಣೆ.